ಖಾಲಿ ಜಾಗದ ಪರವಾಗಿ ಒಂದು ವಕಾಲತ್ತು

ಚಿತ್ರಕಲೆಯ ಮೂಲಾಂಶಗಳು ಯಾವುವೆಂದು ಕೇಳಿದರೆ ಮಕ್ಕಳು ಇಂದಿಗೂ ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾರೆ: ರೇಖೆ, ಆಕಾರ, ವರ್ಣ, ಛಾಯೆ, ಮೈವಳಿಕೆ, ಅವಕಾಶ. ತತ್ತ್ವಗಳೋ, ಸಮತೋಲ, ಲಯ, ಪ್ರಮಾಣ, ಏಕತೆ ಎಂದು ಮಗ್ಗಿಯ ಧಾಟಿಯಲ್ಲೇ ಬರುತ್ತವೆ. ಅದೇ ಮಗು ಹಾಳೆಯ ಮೂಲೆಯಲ್ಲೊಂದು ಹಕ್ಕಿ ಬರೆದು ಉಳಿದುದನ್ನು ಬಿಳಿಯಾಗಿಯೇ ಬಿಟ್ಟರೆ, "ಇಷ್ಟೊಂದು ಜಾಗ ಯಾಕೆ ಖಾಲಿ? ಬಣ್ಣ ತುಂಬು" ಎಂಬ ಗದರಿಕೆ ಬೀಳುತ್ತದೆ. ಪಟ್ಟಿಯ ಕೊನೆಯಲ್ಲಿದ್ದ 'ಅವಕಾಶ' ಆಗ ಯಾರಿಗೂ ನೆನಪಾಗುವುದಿಲ್ಲ. ಅಂಕ ಕೂಡ ಕಡಿತ!

ಅವಕಾಶವೆಂದರೆ ಎಡೆ, ತೆರಪು ಎಂದರ್ಥ. ಸಂದರ್ಭ, ಅನುಕೂಲ ಎಂಬರ್ಥವೂ ಉಂಟು. ಕಲಾವಿದನಿಗೆ ಎರಡೂ ಒಂದೇ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಜನಿಸಿದ ಕೆ. ಕೆ. ಹೆಬ್ಬಾರರ ನರ್ತಕಿಯರ ರೇಖಾಚಿತ್ರಗಳನ್ನು ನೋಡಿರಿ. ಕೆಲವೇ ಗೆರೆಗಳು, ಬರೆಯದೆ ಬಿಟ್ಟ ಮೈಯನ್ನು ನಮ್ಮ ಕಣ್ಣೇ ಪೂರ್ತಿಮಾಡಿಕೊಳ್ಳುತ್ತದೆ. ಆ ಬಿಳುಪಿಗೆ ಬಣ್ಣ ತುಂಬಿದರೆ ಕುಣಿತ ನಿಂತೇಹೋಗುತ್ತದೆ.

ಶ್ರವಣಬೆಳಗೊಳದ ಗೊಮ್ಮಟನೂ ಅಷ್ಟೆ. ಸುಮಾರು 58 ಅಡಿಯ ಆ ಮೂರ್ತಿಯಲ್ಲಿ ಕಾಲು ತೋಳುಗಳಿಗೆ ಹಬ್ಬಿದ ಬಳ್ಳಿ, ಬುಡದಲ್ಲಿ ಹುತ್ತ. ಎದೆ, ಹೆಗಲುಗಳೆಲ್ಲ ಬರಿಯ ನುಣುಪು. ಬಳ್ಳಿ ಕಣ್ಣಿಗೆ ಕಾಣುವುದೇ ಆ ನುಣುಪಿನ ದೆಸೆಯಿಂದ.

"ಹಾಗಾದರೆ ಹಳೇಬೀಡು? ಅಲ್ಲಿ ಬೆರಳಿಡಲೂ ಜಾಗವಿಲ್ಲವಲ್ಲ ಸಾರ್!" ಎಂದು ನಿಮ್ಮಲ್ಲಿ ಯಾರಾದರೂ ಕೇಳಿಯೇ ಕೇಳುತ್ತೀರಿ (ಹಿಂದಿನ ಬೆಂಚಿನವರು ಖಂಡಿತ). ನ್ಯಾಯವಾದ ಪ್ರಶ್ನೆ. ಆದರೆ ಆ ಗೋಡೆಯ ಬುಡದಲ್ಲಿ ಮನಬಂದಂತೆ ತುರುಕಿದ್ದು ಏನೂ ಇಲ್ಲ. ಕೆಳಗೆ ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು. ಪಟ್ಟಿಕೆ ಪಟ್ಟಿಕೆಗಳ ನಡುವೆ ಒಳಸರಿದ ಗೆರೆ, ಅದರಲ್ಲಿ ನೆರಳು. ಖಾಲಿ ಜಾಗದ ಕೆಲಸವನ್ನು ಅಲ್ಲಿ ಆ ನೆರಳು ಮಾಡುತ್ತದೆ. ಅದನ್ನು ಬಿಟ್ಟು ಬರಿಯ ದಟ್ಟಣೆಯನ್ನು ಅನುಕರಿಸುವವರಿಗೆ ಹೊಯ್ಸಳರ ಹೆಸರೆತ್ತುವ ಹಕ್ಕಿಲ್ಲ.

ಇದೆಲ್ಲ ಕಲಾಶಾಲೆಯ ಮಾತೆಂದು ತಳ್ಳಿಹಾಕಬೇಡಿ. ನಮ್ಮ ಬೀದಿಯ ಫ್ಲೆಕ್ಸುಗಳನ್ನು ನೋಡಿರಿ: ನಲವತ್ತು ಮುಖ, ಐದು ಬಣ್ಣದ ಅಕ್ಷರ, ಪ್ರತಿ ಅಕ್ಷರಕ್ಕೂ ಬಿಳಿಯಂಚು. ಯಾರ ಹುಟ್ಟುಹಬ್ಬವೆಂಬುದೇ ತಿಳಿಯದು! ಎಲ್ಲವೂ ಮುಖ್ಯವಾದಾಗ 'ಪ್ರಾಧಾನ್ಯ' ಎಂಬ ತತ್ತ್ವಕ್ಕೆ ಎಡೆಯೆಲ್ಲಿ? ಕನ್ನಡ ಲಿಪಿಗಂತೂ ಇದು ದ್ರೋಹ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಆದ್ದರಿಂದ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ತೆರಪು ಬೇಕು. ಇಂಗ್ಲಿಷಿನ ಅಳತೆಗೇ ಸಾಲು ಒತ್ತಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸನ್ನೋ ತಲಕಟ್ಟನ್ನೋ ತುಳಿಯುತ್ತದೆ. ಓದಲಾಗದೆ ಜನ ಲಿಪಿಯೇ ತೊಡಕಿನದೆಂದು ದೂರುತ್ತಾರೆ. ತೊಡಕು ಲಿಪಿಯದಲ್ಲ, ಜಿಪುಣತನದ್ದು.

ನಿಮ್ಮಲ್ಲನೇಕರು ಮಕ್ಕಳ ಮದುವೆಯ ಕರೆಯೋಲೆ ಕಳುಹಿಸುತ್ತಿದ್ದೀರಿ, ಬಹಳ ಸಂತೋಷ. ಮುದ್ರಕರು ಅಂಚಿನಲ್ಲಿ ಇನ್ನೊಂದು ಬಳ್ಳಿ, ಮತ್ತೊಂದು ನವಿಲು ಕೂಡಿಸಲು ಹೊರಟರೆ ದಯವಿಟ್ಟು ಬೇಡವೆನ್ನಿ. ಮುಹೂರ್ತದ ಹೊತ್ತು ಹುಡುಕಲು ನನಗೆ ಭೂತಗನ್ನಡಿ ಬೇಕಾಗಿದೆ.