"ಊಟ ಆಯ್ತಾ?" ಅಂತ ಕೇಳೋ ಇನ್ನೊಂದು ದೇಶ

ನನಗೆ ಫಿಲಿಪಿನೋಗಳು ಇಷ್ಟ ಆಗೋಕೆ ಮೊದಲ ಕಾರಣ ಏನ್ ಗೊತ್ತಾ? ಎದುರು ಸಿಕ್ಕಿದ್ರೆ ಅವ್ರೂ ನಮ್ಮ ಥರಾನೇ "ಊಟ ಆಯ್ತಾ?" ಅಂತಾರೆ. ದಾರಿ ಕೇಳಿದ್ರೆ ಕೈ ಎತ್ತಲ್ಲ, ತುಟಿ ಮುಂದೆ ಚಾಚಿ ಆ ಕಡೆ ತೋರಿಸ್ತಾರೆ. ಹುಬ್ಬು ಹಾರಿಸಿದ್ರೆ "ಹೂಂ" ಅಂತ ಅರ್ಥ. ಸೆಪ್ಟೆಂಬರ್ ಬಂದ್ರೆ ಸಾಕು, ಅಂಗಡಿಗಳಲ್ಲಿ ಕ್ರಿಸ್‌ಮಸ್ ಹಾಡು ಶುರು :)

ಇನ್ನು ಅವರ ದೇಶಾಭಿಮಾನ... ಬಾಕ್ಸರ್ ಮ್ಯಾನಿ ಪಕಿಯಾವ್ ಪಂದ್ಯ ಇದ್ದ ದಿನ ಬೀದಿಗಳೆಲ್ಲ ಖಾಲಿಯಾಗ್ತಿದ್ವು. ಗಾಯಕ ಬ್ರೂನೋ ಮಾರ್ಸ್ ಹುಟ್ಟಿದ್ದು ಹವಾಯಿಯಲ್ಲಿ, ಆದ್ರೆ ತಾಯಿ ಫಿಲಿಪೀನ್ಸಿನವರು. ಅಷ್ಟು ಸಾಕು, "ನಮ್ಮ ಹುಡುಗ"! 1924ರಿಂದ ಒಲಿಂಪಿಕ್ಸಿಗೆ ಹೋಗ್ತಿದ್ದ ದೇಶಕ್ಕೆ ಮೊದಲ ಚಿನ್ನ ಸಿಕ್ಕಿದ್ದು 2021ರಲ್ಲಿ, ಟೋಕಿಯೋದಲ್ಲಿ ಹಿಡಿಲಿನ್ ಡಯಾಜ್ ಭಾರ ಎತ್ತಿದಾಗ. ಅಲ್ಲೀವರೆಗೆ ದೂರದ ನೆಂಟರ ಗೆಲುವನ್ನೂ ತಮ್ಮದು ಅಂದುಕೊಂಡಿದ್ರೆ ತಪ್ಪೇನು?

ಮೊದಮೊದಲು ನಾನೂ ನಗ್ತಿದ್ದೆ. ಆಮೇಲೆ ಅವರ "ಬಾಲಿಕ್‌ಬಾಯನ್" ಪೆಟ್ಟಿಗೆಗಳ ವಿಷಯ ತಿಳೀತು. ನರ್ಸು, ಹಡಗಿನ ಕೆಲಸ, ಮನೆಗೆಲಸ ಅಂತ ಲಕ್ಷಾಂತರ ಜನ ಹೊರದೇಶದಲ್ಲಿದ್ದಾರೆ. ಸೋಪು, ಚಾಕ್ಲೇಟು, ಮಕ್ಕಳ ಬೂಟು ತುಂಬಿದ ದೊಡ್ಡ ರಟ್ಟಿನ ಪೆಟ್ಟಿಗೇನ ಹಡಗಲ್ಲಿ ಊರಿಗೆ ಕಳಿಸ್ತಾರೆ. ತಲುಪೋಕೆ ವಾರಗಟ್ಟಲೆ ಬೇಕು. ಎಷ್ಟೋ ಮನೆಗಳಲ್ಲಿ ಕ್ರಿಸ್‌ಮಸ್ಸಿಗೆ ಅಮ್ಮ ಬರೋಲ್ಲ, ಪೆಟ್ಟಿಗೆ ಬರುತ್ತೆ.

ಹೀಗೆ ಮನೆಮಂದಿಯೆಲ್ಲ ಚದುರಿಹೋದ ಮೇಲೆ, ಎಲ್ಲೋ ದೂರದಲ್ಲಿ ಯಾರೋ ಗೆದ್ರೆ "ಇವನೂ ನಮ್ಮವನು" ಅಂತ ಸೇರಿಸ್ಕೊಳ್ಳೋದು ನನಗಂತೂ ಜಂಬ ಅನ್ನಿಸಲ್ಲ. ಊಟಕ್ಕೆ ಕೂತಾಗ ಯಾರ್ಯಾರು ಬಂದಿಲ್ಲ ಅಂತ ತಲೆ ಎಣಿಸ್ತೀವಲ್ಲ, ಹಾಗೆ.