ಅಪ್ಪನ ಮಾತ್ರೆ, ಅರಶಿನದ ಲೆಕ್ಕ

ತಪ್ಪು ನನ್ನದೇ, ಮೊದಲೇ ಒಪ್ಪಿಕೊಂಡುಬಿಡ್ತೇನೆ.

ಫೆಬ್ರವರಿಯಲ್ಲಿ ಆಫೀಸಿನ ವಾರ್ಷಿಕ ಹೆಲ್ತ್ ಚೆಕಪ್ ಆಯಿತು. ವಯಸ್ಸು ಮೂವತ್ತು, ಸಿಗರೇಟಿಲ್ಲ, ಕೊಲೆಸ್ಟರಾಲ್ ನಾರ್ಮಲ್. ಆದರೆ ಎಚ್‌ಎಸ್-ಸಿಆರ್‌ಪಿ ಅಂತ ಒಂದು ಸಾಲು ಕೆಂಪು ಬಣ್ಣದಲ್ಲಿ: 5.2. ಗೂಗಲ್ ಮಾಡಿದರೆ ‘ದೇಹದೊಳಗಿನ ದೀರ್ಘಕಾಲದ ಉರಿಯೂತ’ ಎಂದು ಬಂತು. ಹೆದರಿ ಇಡೀ ರಾತ್ರಿ ಕೂತು ಓದಿದೆ. ಉರಿಯೂತ ಇಳಿಸುವ ಆಹಾರದ ಬಗ್ಗೆ ಸಿಕ್ಕಿದ್ದನ್ನೆಲ್ಲ ಫ್ಯಾಮಿಲಿ ಗ್ರೂಪಿಗೆ ಫಾರ್ವರ್ಡ್ ಮಾಡಿದೆ.

ಯಾರೂ ಓದುವುದಿಲ್ಲ ಅಂದುಕೊಂಡಿದ್ದೆ. ಅಪ್ಪ ಓದಿದ್ದರು. ಏಪ್ರಿಲ್‌ನಲ್ಲಿ ಅವರ ಮಾತ್ರೆ ಡಬ್ಬ ತುಂಬಿಸಲು ಹೋದಾಗ ರಾತ್ರಿಯ ಸ್ಟ್ಯಾಟಿನ್ ಹಾಗೇ ಉಳಿದಿತ್ತು, ಪಕ್ಕದಲ್ಲಿ ಅರಶಿನ-ಕಾಳುಮೆಣಸಿನ ಕ್ಯಾಪ್ಸೂಲ್ ಬಾಟಲಿ. ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿಸಿಕೊಂಡ ಮನುಷ್ಯ ಅವರು.

“ಎಂತ ಅಪ್ಪ ಇದು?”

“ನೀನೇ ಕಳಿಸಿದ್ದಲ್ವಾ ಮಾರಾಯ? ಉರಿಯೂತ ಇಳಿದ್ರೆ ಆಯ್ತಲ್ಲ, ಮತ್ತೆ ಕೊಲೆಸ್ಟರಾಲಿನ ಮಾತ್ರೆ ಎಂತಕ್ಕೆ?”

ಆ ಕ್ಷಣಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಡಾಕ್ಟರಿಗೆ ಫೋನ್ ಮಾಡಿ, ಬೈಸಿಕೊಂಡು, ಮಾತ್ರೆ ಅದೇ ರಾತ್ರಿ ಪುನಃ ಶುರು ಮಾಡಿಸಿದೆ. ಆಮೇಲೆ ಉತ್ತರ ಹುಡುಕಲು ಕೂತೆ.

ಕಾಲಿಗೆ ಮುಳ್ಳು ಚುಚ್ಚಿದರೆ ಕೆಂಪಾಗಿ ಊದಿಕೊಳ್ಳುತ್ತದಲ್ಲ, ಅದು ಒಳ್ಳೆಯ ಉರಿಯೂತ. ರೋಗನಿರೋಧಕ ಕೋಶಗಳು ಬಂದು, ಕೆಲಸ ಮುಗಿಸಿ ಹೋಗುತ್ತವೆ. ದೀರ್ಘಕಾಲದ್ದು ನಾವು ಕಿಲ್ ಮಾಡಲು ಮರೆತ ಬ್ಯಾಕ್‌ಗ್ರೌಂಡ್ ಪ್ರೊಸೆಸ್ ಇದ್ದ ಹಾಗೆ. ನೋವಿಲ್ಲ, ಊತ ಇಲ್ಲ, ಆದರೆ ವರ್ಷಗಟ್ಟಲೆ ಓಡುತ್ತಾ ರಕ್ತನಾಳದ ಒಳಗೋಡೆಯನ್ನು ಹಾಳು ಮಾಡುತ್ತದೆ. ಅದರ ಒಂದು ಲಾಗ್ ಫೈಲ್ ಈ ಸಿಆರ್‌ಪಿ. ಲಿವರ್ ತಯಾರಿಸುವ ಈ ಪ್ರೋಟೀನನ್ನು 1930ರಲ್ಲಿ ನ್ಯೂಯಾರ್ಕಿನ ರಾಕೆಫೆಲ್ಲರ್ ಸಂಸ್ಥೆಯ ಟಿಲ್ಲೆಟ್ ಮತ್ತು ಫ್ರಾನ್ಸಿಸ್ ಗುರುತಿಸಿದರು, ಅದೂ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ. ಹೃದಯದ ಲೆಕ್ಕದಲ್ಲಿ ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಅಪಾಯ ಕಡಿಮೆ, 1ರಿಂದ 3 ಮಧ್ಯಮ, 3 ದಾಟಿದರೆ ಹೆಚ್ಚು. 10 ದಾಟಿತೆಂದರೆ ಸಾಮಾನ್ಯವಾಗಿ ಎಲ್ಲೋ ಸೋಂಕು ಇದೆ ಅಂತ.

ಸೋಂಕಿನ ಮಾತು ಬಂದದ್ದಕ್ಕೆ ಹೇಳ್ತೇನೆ, ನನ್ನ 5.2ರಲ್ಲಿ ಒಂದು ಪಾಲು ವಸಡಿನದ್ದಾಗಿತ್ತು. ಹಲ್ಲುಜ್ಜುವಾಗ ರಕ್ತ ಬರುತ್ತಿದ್ದರೂ ಆರು ತಿಂಗಳಿಂದ ನಿರ್ಲಕ್ಷಿಸಿದ್ದೆ. ಡೆಂಟಿಸ್ಟ್ ಹತ್ತಿರ ಹೋಗಿ ಕ್ಲೀನ್ ಮಾಡಿಸಿ ಮೂರು ವಾರ ಬಿಟ್ಟು ಪರೀಕ್ಷೆ ಮಾಡಿಸಿದರೆ 3.1. ಹಾಗಾಗಿ ಶೀತ-ಜ್ವರ ಇರುವಾಗ ಈ ಟೆಸ್ಟ್ ಮಾಡಿಸಬೇಡಿ, ಒಂದೇ ರಿಪೋರ್ಟ್ ನೋಡಿ ನನ್ನ ಹಾಗೆ ರಾತ್ರಿಯಿಡೀ ಎದ್ದಿರಲೂ ಬೇಡಿ.

ಈಗ ಅಪ್ಪನ ಪ್ರಶ್ನೆ. ಅರ್ಧ ಅವರೇ ಸರಿ. 2017ರಲ್ಲಿ ಕ್ಯಾಂಟೋಸ್ ಎಂಬ ದೊಡ್ಡ ಪ್ರಯೋಗದ ಫಲಿತಾಂಶ ಬಂತು. ಹಿಂದೆ ಹೃದಯಾಘಾತ ಆಗಿದ್ದ ಸುಮಾರು ಹತ್ತು ಸಾವಿರ ಜನರ ಮೇಲೆ, ಕೊಲೆಸ್ಟರಾಲನ್ನು ಮುಟ್ಟದೆ ಉರಿಯೂತವನ್ನು ಮಾತ್ರ ಇಳಿಸುವ ಒಂದು ಇಂಜೆಕ್ಷನ್ ಪರೀಕ್ಷಿಸಿದರು. ಒಂದು ಡೋಸ್ ಪಡೆದ ಗುಂಪಿನಲ್ಲಿ ಹೃದಯಾಘಾತ, ಪಾರ್ಶ್ವವಾಯುಗಳಂಥ ಘಟನೆಗಳು 15%ರಷ್ಟು ಕಡಿಮೆಯಾದವು. ಅಂದರೆ ಉರಿಯೂತ ಬರೀ ಸಾಕ್ಷಿಯಲ್ಲ, ಆರೋಪಿಯೇ. ಆದರೆ ಅವರಲ್ಲಿ ಬಹುತೇಕ ಎಲ್ಲರೂ ಕೊಲೆಸ್ಟರಾಲ್ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದರು. ಅದಕ್ಕಿಂತ ದೊಡ್ಡ ತಮಾಷೆ ಏನೆಂದರೆ, ಸ್ಟ್ಯಾಟಿನ್ ಮಾತ್ರೆ ಕೊಲೆಸ್ಟರಾಲ್ ಜೊತೆ ಸಿಆರ್‌ಪಿಯನ್ನೂ ಇಳಿಸುತ್ತದೆ. ಉರಿಯೂತ ಇಳಿಸಲು ಹೋಗಿ ಅಪ್ಪ ಬಿಟ್ಟದ್ದು ಉರಿಯೂತ ಇಳಿಸುವ ಮಾತ್ರೆಯನ್ನೇ.

ಅರಶಿನದ ಕಥೆ ನಮ್ಮ ಬೆಂಗಳೂರಿನದ್ದು ಅಂತ ನನಗೂ ಗೊತ್ತಿರಲಿಲ್ಲ. ಅರಶಿನದಲ್ಲಿರುವ ಕರ್ಕ್ಯುಮಿನ್ ಹೊಟ್ಟೆಗೆ ಹೋದರೂ ರಕ್ತಕ್ಕೆ ಸೇರುವುದು ತೀರಾ ಕಡಿಮೆ. 1998ರಲ್ಲಿ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ಸಂಶೋಧಕರು ಆರೋಗ್ಯವಂತರಿಗೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟು ನೋಡಿದರು. ರಕ್ತದಲ್ಲಿ ಸಿಕ್ಕಿದ್ದು ಇಲ್ಲವೆನ್ನುವಷ್ಟು. ಜೊತೆಗೆ ಕಾಳುಮೆಣಸಿನ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ಅದು 2000% ಏರಿತು. ಇವತ್ತಿಗೂ ಕ್ಯಾಪ್ಸೂಲ್ ಬಾಟಲಿಗಳ ಮೇಲೆ ಕಾಣುವುದು ಇದೇ ಸಂಖ್ಯೆ. ಇಲ್ಲವೆನ್ನುವಷ್ಟರ ಮೇಲೆ 2000% ಅಂದರೆ ಎಷ್ಟು ಅಂತ ಬಾಟಲಿ ಹೇಳುವುದಿಲ್ಲ.

ಲೆಕ್ಕ ಹಾಕಿದೆ. ಅರಶಿನ ಪುಡಿಯಲ್ಲಿ ಕರ್ಕ್ಯುಮಿನ್ ಸುಮಾರು 3%. ಅಮ್ಮ ಸಾರಿಗೆ ಹಾಕುವ ಅರ್ಧ ಚಮಚ, ಅಂದರೆ ಒಂದೂವರೆ ಗ್ರಾಂನಲ್ಲಿ 45 ಮಿಲಿಗ್ರಾಂ. ಅದನ್ನು ಮನೆಯವರೆಲ್ಲ ಹಂಚಿಕೊಳ್ಳಬೇಕು. ಆ ಪ್ರಯೋಗದ 2 ಗ್ರಾಂ ಬೇಕಾದರೆ ಒಬ್ಬನೇ ಅರುವತ್ತು ಗ್ರಾಂಗಿಂತ ಮೇಲೆ ಅರಶಿನ ತಿನ್ನಬೇಕು. ಕ್ಯಾಪ್ಸೂಲಿನ ತಾಪತ್ರಯ ಬೇರೆ. ಕರ್ಕ್ಯುಮಿನ್ ಒಳಗೆ ಸೇರಲು ಸಹಾಯ ಮಾಡುವ ಪೈಪರಿನ್ ಬೇರೆ ಮಾತ್ರೆಗಳ ಮಟ್ಟವನ್ನೂ ಏರುಪೇರು ಮಾಡಬಹುದು. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ಡಾಕ್ಟರನ್ನು ಕೇಳದೆ ಅದನ್ನು ಮುಟ್ಟಲೇಬಾರದು. ಸಾರಿನ ಅರಶಿನಕ್ಕೆ ಈ ಭಯ ಇಲ್ಲ, ಅಮ್ಮನಿಗೆ ಹೇಳಿದ್ದೇನೆ.

ಹಾಗಾದರೆ ಊಟದಿಂದ ಏನೂ ಆಗುವುದಿಲ್ಲವಾ? ಆಗುತ್ತದೆ. ನಿಧಾನಕ್ಕೆ, ಬೋರು ಹೊಡೆಸುವ ದಾರಿಯಲ್ಲಿ.

ಮೊದಲ ದಾರಿ ಹೊಟ್ಟೆ. 1993ರಲ್ಲಿ ಹೋತಾಮಿಸ್ಲಿಗಿಲ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಬೊಜ್ಜಿನ ಇಲಿಗಳ ಕೊಬ್ಬಿನಿಂದಲೇ ಉರಿಯೂತದ ಸಂದೇಶ ಹೊರಡುವುದನ್ನು ತೋರಿಸಿದರು. ಕೊಬ್ಬು ಸುಮ್ಮನೆ ಕೂತ ಗೋಡೌನ್ ಅಲ್ಲ ಅಂತ ಆಗ ಗೊತ್ತಾಯಿತು. ಅದರಲ್ಲೂ ಕರುಳಿನ ಸುತ್ತ ಕೂರುವ ಕೊಬ್ಬು ಹೆಚ್ಚು ತಕರಾರಿನದ್ದು. ನಮ್ಮ ದೇಶದ ಗಂಡಸರಿಗೆ ಸೊಂಟ 90 ಸೆಂಟಿಮೀಟರ್, ಹೆಂಗಸರಿಗೆ 80 ಗಡಿ. ನನ್ನದು 97 ಇತ್ತು. ಅಮೆರಿಕದ ಕ್ಲೈಂಟ್ ಕಾಲ್ ಮುಗಿಸಿ ರಾತ್ರಿ ಹನ್ನೆರಡಕ್ಕೆ ಪರೋಟಾ, ಚಿಕನ್ ಘೀ ರೋಸ್ಟ್ ತರಿಸಿಕೊಂಡರೆ ಇನ್ನೇನಾಗ್ತದೆ?

ಎರಡನೆಯದು ನಾರು. ಅದು ನಮಗೆ ಜೀರ್ಣ ಆಗುವುದಿಲ್ಲ, ಕರುಳಿನ ಬ್ಯಾಕ್ಟೀರಿಯಾಗಳ ಊಟ ಅದು. ಅವು ಅದನ್ನು ಹುದುಗಿಸಿ ಬ್ಯುಟಿರೇಟ್‌ನಂಥ ಆಮ್ಲಗಳನ್ನು ಕೊಡುತ್ತವೆ. ಕರುಳಿನ ಒಳಪದರ ಬದುಕುವುದು ಅದರಿಂದ. ಒಳಪದರ ಸಡಿಲವಾದರೆ ರಕ್ತಕ್ಕೆ ಹೋಗಬಾರದ್ದು ಹೋಗಿ ಉರಿಯೂತಕ್ಕೆ ದಾರಿ. ಕುಚ್ಚಲಕ್ಕಿ ಗಂಜಿ, ಹೆಸರುಗಸಿ, ಹುರುಳಿ ಸಾರು, ಹರಿವೆ, ಬಸಳೆ ಇವೆಲ್ಲ ನಮ್ಮ ಮನೆಯಲ್ಲಿ ಇದ್ದೇ ಇದ್ದವು. ನಾನು ತಿನ್ನುತ್ತಿರಲಿಲ್ಲ ಅಷ್ಟೇ.

ಮೂರನೆಯದು ಬೂತಾಯಿ. ಇಂಗ್ಲಿಷಿನಲ್ಲಿ ಅದರ ಹೆಸರೇ ಆಯಿಲ್ ಸಾರ್ಡಿನ್. ಆ ಎಣ್ಣೆಯಲ್ಲಿರುವ ಒಮೆಗಾ-3ರಿಂದ ದೇಹ ಉರಿಯೂತವನ್ನು ಮುಗಿಸಲು ಹೇಳುವ ಅಣುಗಳನ್ನು ತಯಾರಿಸಿಕೊಳ್ಳುತ್ತದೆ. ದುಬಾರಿ ಸಾಲ್ಮನ್ ಬೇಕಾಗಿಲ್ಲ, ಪುಳಿಮುಂಚಿ ಸಾಕು. (ರವಾ ಫ್ರೈ ನಡೀತದಾ ಅಂತ ಕೇಳಬೇಡಿ, ನಾನೂ ಡಾಕ್ಟರನ್ನು ಕೇಳಲಿಲ್ಲ.) ಸಸ್ಯಾಹಾರಿಗಳಿಗೆ ಅಗಸೆಬೀಜ ಉಂಟು, ಆದರೆ ಅದರ ಒಮೆಗಾ-3 ಬೇರೆ ಜಾತಿಯದ್ದು, ಮೀನಿನದ್ದಾಗಿ ಬದಲಾಗುವುದು ಸ್ವಲ್ಪವೇ.

ಉರಿ ಹೆಚ್ಚಿಸುವವರಲ್ಲಿ ಟ್ರಾನ್ಸ್ ಕೊಬ್ಬು ಮುಂದಿತ್ತು. ಬೇಕರಿ ಪಫ್ಸ್‌ಗೆ ಹಾಕುವ ವನಸ್ಪತಿಯಲ್ಲಿ ಇರುತ್ತಿದ್ದದ್ದು. 2022ರ ಜನವರಿಯಿಂದ ಎಣ್ಣೆ-ಕೊಬ್ಬುಗಳಲ್ಲಿ ಅದು 2% ದಾಟಬಾರದು ಅಂತ ನಿಯಮ ಉಂಟು. ಆದರೆ ಮೈದಾಕ್ಕೆ, ಸಕ್ಕರೆಗೆ ನಿಯಮ ಇಲ್ಲವಲ್ಲ.

ಹಾಲೂ ಉರಿಯೂತ ತರುತ್ತದೆ ಅಂತ ಒಂದು ರೀಲ್ ಬಂದಿತ್ತು. ಕುಲಶೇಖರದಲ್ಲಿ ನಂದಿನಿ ಡೈರಿ ಪಕ್ಕ ಇಟ್ಟುಕೊಂಡು ಇದನ್ನು ಯಾರಿಗೆ ಹೇಳಲಿ? ಜನರ ಮೇಲೆ ನಡೆದ ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದಾಗ ಹಾಗೇನೂ ಕಂಡಿಲ್ಲ. ಹಾಲಿನ ಅಲರ್ಜಿ ಇದ್ದವರ ಕಥೆ ಬೇರೆ. ಅಪ್ಪನ ಸಂಜೆ ಚಾ ಬಚಾವ್. ಚಾದ ಜೊತೆಗಿನ ಗೋಳಿಬಜೆ ಮಾತ್ರ ಈಗ ಭಾನುವಾರಕ್ಕೆ.

ಈ ತಿಂಗಳು ನನ್ನ ಸಿಆರ್‌ಪಿ 1.9. ರಾತ್ರಿಯ ಊಟ ಎಂಟೂವರೆಗೆ ತಂದದ್ದಾ, ಗಂಜಿಯಾ, ಇಳಿದ ಐದು ಕಿಲೋವಾ, ವಸಡಾ, ಗೊತ್ತಿಲ್ಲ. ನಾಲ್ಕು ಬದಲಾವಣೆ ಒಟ್ಟಿಗೆ ಡಿಪ್ಲಾಯ್ ಮಾಡಿದರೆ ಯಾವುದು ಬಗ್ ಸರಿಮಾಡಿತು ಅಂತ ಯಾವ ಇಂಜಿನಿಯರೂ ಹೇಳಲಾರ. ಅಪ್ಪನ ಮಾತ್ರೆ ಡಬ್ಬವನ್ನು ಈಗ ಪ್ರತಿ ಭಾನುವಾರ ನಾನೇ ತುಂಬಿಸ್ತೇನೆ. ಕ್ಯಾಪ್ಸೂಲ್ ಬಾಟಲಿಯಲ್ಲಿ ಅಮ್ಮ ಸಾಸಿವೆ ಹಾಕಿಟ್ಟಿದ್ದಾರೆ.

ಮೀನುಗಾರಿಕೆ ರಜೆ ಜುಲೈ 31ಕ್ಕೆ ಮುಗಿಯುತ್ತದೆ. “ಬೋಟು ಹೋದ ಮೇಲೆ ಬೂತಾಯಿ ಬಂದ್ರೆ ಒಂದು ಕಿಲೋ ಜಾಸ್ತಿ ತಾ” ಅಂತ ಅಪ್ಪ ನಿನ್ನೆಯೇ ಹೇಳಿಟ್ಟಿದ್ದಾರೆ.