ಯಾವ ಪೋಸ್ಟಿಗೆ ಓಡ್ತಿದ್ದೀರ ಅಂಕಲ್?

ಹೊಳೆನರಸೀಪುರದ ಅಕ್ಕನ ಮನೆಯಲ್ಲಿ ಉಳಿದಿದ್ದ ಒಂದು ಭಾನುವಾರ. ಬೆಳಗಿನ ಜಾವ ಐದೂಕಾಲಿಗೆ, ಮನೆಯವರ ನಿದ್ದೆ ಕೆಡದಿರಲಿ ಎಂದು ಶೂಗಳನ್ನು ಕೈಯಲ್ಲೇ ಹಿಡಿದು ಹೊರಬಿದ್ದೆ. ಊರಂಚಿನ ರಸ್ತೆಗೆ ಹೇಮಾವತಿಯ ಕಡೆಯಿಂದ ಮಂಜು ಹಬ್ಬಿತ್ತು. ಮೈಲಿಗಲ್ಲಿಗೆ ಒರಗಿ ಹುಡುಗನೊಬ್ಬ ನಿಂತಿದ್ದ. ಕೈಯಲ್ಲಿ ಮೊಬೈಲು, ಮೊಬೈಲಿನಲ್ಲಿ ಓಡುತ್ತಿದ್ದ ಸ್ಟಾಪ್‌ವಾಚು. ಸ್ವಲ್ಪ ಹೊತ್ತಿಗೆ ಮಂಜಿನೊಳಗಿಂದ ದಬದಬ ಹೆಜ್ಜೆ ಸದ್ದು ಕೇಳಿಸಿತು. ಆರು ಜನ ಏದುಸಿರು ಬಿಡುತ್ತಾ ಬಂದು ಕಲ್ಲು ಮುಟ್ಟಿದರು. ಒಬ್ಬನದು ಬರಿಗಾಲು.

‘ಆರು ನಲವತ್ತೆರಡು ಕಣ್ಲಾ’ ಎಂದ ಕಲ್ಲಿಗೆ ಒರಗಿದ್ದವನು. ಬರಿಗಾಲಿನವನು ಮಂಡಿಗೆ ಕೈ ಊರಿ, ‘ಥೂ, ಇನ್ನೂ ಹನ್ನೆರಡು ಸೆಕೆಂಡು’ ಅಂತ ನೆಲಕ್ಕೆ ಉಗಿದ.

ಇವರು ಪೊಲೀಸ್ ಕಾನ್‌ಸ್ಟೇಬಲ್ ಕೆಲಸಕ್ಕೆ ತಯಾರಾಗುತ್ತಿದ್ದವರು. ಗಂಡು ಮಕ್ಕಳು 1600 ಮೀಟರ್ ದೂರವನ್ನು 6 ನಿಮಿಷ 30 ಸೆಕೆಂಡಿನೊಳಗೆ ಮುಗಿಸಬೇಕು, ಹೆಣ್ಣು ಮಕ್ಕಳು 400 ಮೀಟರನ್ನು 2 ನಿಮಿಷದೊಳಗೆ. ಒಂದು ಸೆಕೆಂಡು ಹೆಚ್ಚಾದರೂ ಮನೆಗೆ. ನಾನೂ ಓಡುತ್ತಿದ್ದುದನ್ನು ಕಂಡ ಒಬ್ಬ ವಿಶ್ವಾಸದಿಂದಲೇ ಕೇಳಿದ: ‘ಯಾವ ಪೋಸ್ಟಿಗೆ ಅಂಕಲ್?’

ಯಾವ ಪೋಸ್ಟಿಗೂ ಇಲ್ಲಪ್ಪ, ಸುಮ್ನೆ ಅಂದೆ. ಎಷ್ಟು ದೂರ ಎಂದ. ಇವತ್ತು ಹದಿನಾಲ್ಕು, ಮುಂದಿನ ತಿಂಗಳು ಇಪ್ಪತ್ತೊಂದು ಕಿಲೋಮೀಟರು ಎಂದೆ. ‘ದುಡ್ಡು ಕೊಡ್ತಾರಾ?’ ‘ಇಲ್ಲ, ನಾವೇ ಕಟ್ಟಬೇಕು.’ ಆರೂ ಜನ ಒಟ್ಟಿಗೆ ನಕ್ಕರು. ಆ ನಗುವಿಗೆ ಈಗಲೂ ನನ್ನ ಹತ್ತಿರ ಉತ್ತರ ಇಲ್ಲ.

ಮನೆಗೆ ಬಂದು ಕಾಫಿ ಕುಡಿಯುತ್ತಾ ಲೆಕ್ಕ ಹಾಕಿದೆ. ಪೊಲೀಸ್ ಪರೀಕ್ಷೆಯ ವೇಗ ಎಂದರೆ ಕಿಲೋಮೀಟರಿಗೆ ನಾಲ್ಕು ನಿಮಿಷ ನಾಲ್ಕು ಸೆಕೆಂಡು. ಅದೇ ವೇಗ ಹಿಡಿದರೆ ಹಾಫ್ ಮ್ಯಾರಥಾನ್ ಒಂದು ಗಂಟೆ ಇಪ್ಪತ್ತಾರು ನಿಮಿಷದೊಳಗೆ ಮುಗಿಯುತ್ತದೆ. ನನಗೆ ಬೇಕಾಗುವುದು ಎರಡೂವರೆ ಗಂಟೆ. 1600 ಮೀಟರಿನ ವೇಗವನ್ನು ಅಷ್ಟು ದೂರ ಯಾರೂ ಹಾಗೇ ಎಳೆದುಕೊಂಡು ಹೋಗಲಾರರು ನಿಜ. ಆದರೂ ಆ ಬರಿಗಾಲ ಹುಡುಗನಿಗೆ ಮೂರು ತಿಂಗಳು ಅಭ್ಯಾಸ, ಒಂದು ಜೊತೆ ಶೂ ಕೊಟ್ಟು ನಮ್ಮಂಥ ಟೀ ಶರ್ಟಿನವರ ನಡುವೆ ಬಿಟ್ಟರೆ, ಅವನು ಮುಗಿಸಿ ಸ್ನಾನ ಮಾಡಿ ತಿಂಡಿ ತಿನ್ನುವ ಹೊತ್ತಿಗೆ ನಾನಿನ್ನೂ ಹದಿನಾರನೇ ಕಿಲೋಮೀಟರಿನಲ್ಲಿ ಕಾಲು ಎಳೆಯುತ್ತಿರುತ್ತೇನೆ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಲ್ಲಿ ನೋಡಿದರೂ ಬೆಳಗಿನ ಜಾವದ ರಸ್ತೆಯಲ್ಲಿ ನಿಜವಾಗಿ ಓಡುವವರು ಇವರೇ. ಪೊಲೀಸು, ಮಿಲಿಟರಿ, ಅರಣ್ಯ ಇಲಾಖೆ, ಯಾವುದಾದರೂ ಒಂದಕ್ಕೆ. ಕೆಲಸ ಸಿಕ್ಕಿದರೆ ಓಟ ನಿಲ್ಲುತ್ತದೆ. ವಯಸ್ಸು ಮೀರಿದರೂ ನಿಲ್ಲುತ್ತದೆ. ಐದು ವರ್ಷದ ಮೇಲೆ ಅದೇ ಹುಡುಗ ಬೈಕಿನಲ್ಲಿ ಹಾಲಿನ ಡೇರಿಗೆ ಹೋಗುವಾಗ ನೋಡಿ, ಅಂಗಿಯ ಗುಂಡಿ ಹೊಟ್ಟೆಯ ಹತ್ತಿರ ಬಿಗಿಯಾಗಿರುತ್ತದೆ.

ಇದಕ್ಕೆ ತದ್ವಿರುದ್ಧವಾದ ದಾರಿಯಲ್ಲಿ ಹೋದವನು ಅವಿನಾಶ್ ಸಾಬ್ಳೆ. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಹಳ್ಳಿಯ ಹುಡುಗ, ನಮ್ಮ ಹುಡುಗರ ಹಾಗೆಯೇ ಸೇನೆಗೆ ಸೇರಿದವನು. ಅವನ ಓಟ ಶುರುವಾದದ್ದೇ ಕೆಲಸ ಸಿಕ್ಕಿದ ಮೇಲೆ. 2020ರ ನವೆಂಬರಿನಲ್ಲಿ ದೆಹಲಿಯಲ್ಲಿ ಅವನು ಹಾಫ್ ಮ್ಯಾರಥಾನ್ ಮುಗಿಸಿದ್ದು 1 ಗಂಟೆ 30 ಸೆಕೆಂಡಿನಲ್ಲಿ, ಅದು ರಾಷ್ಟ್ರೀಯ ದಾಖಲೆಯಾಯಿತು. ಹೊಳೆನರಸೀಪುರದ ಹುಡುಗರ ಭಾಷೆಯಲ್ಲಿ ಹೇಳುವುದಾದರೆ, 1600 ಮೀಟರನ್ನು ನಾಲ್ಕು ನಿಮಿಷ ಮೂವತ್ತೈದು ಸೆಕೆಂಡಿನಂತೆ ಒಂದರ ಹಿಂದೊಂದು ಹದಿಮೂರು ಸಲ.

ಈ ಇಪ್ಪತ್ತೊಂದು ಕಿಲೋಮೀಟರಿನ ಲೆಕ್ಕ ಎಲ್ಲಿಂದ ಬಂತು ಎನ್ನುವುದೂ ತಮಾಷೆಯೇ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಂಡ್ಸರ್ ಅರಮನೆಯಿಂದ ಹೊರಟು ಕ್ರೀಡಾಂಗಣದಲ್ಲಿ ರಾಜಮನೆತನದವರು ಕೂರುವ ಜಾಗದ ಎದುರು ಮುಗಿಯುವಂತೆ ಮ್ಯಾರಥಾನ್ ಹಾದಿ ಹಾಕಿದರು. ಅದು 42.195 ಕಿ.ಮೀ. ಆಯಿತು, ಮುಂದೆ ಅದೇ ಖಾಯಂ ಆಯಿತು. ಅದರ ಅರ್ಧ 21.0975. ಆ ಕೊನೆಯ ತೊಂಬತ್ತೇಳೂವರೆ ಮೀಟರಿನಲ್ಲಿ ಜಗತ್ತಿನಾದ್ಯಂತ ಎಷ್ಟು ಜನ ಇಂಗ್ಲೆಂಡಿನ ಅರಮನೆಗೆ ಹಿಡಿಶಾಪ ಹಾಕಿದ್ದಾರೋ! ನಮ್ಮವರಿಗೆ ಅರ್ಥವಾಗಬೇಕೆಂದರೆ ಅರಮನೆ ಬೇಡ. ಹಾಸನದಿಂದ ಗೊರೂರು ಹೆಚ್ಚುಕಡಿಮೆ ಅಷ್ಟೇ ದೂರ. ಚನ್ನರಾಯಪಟ್ಟಣದಿಂದ ಶ್ರವಣಬೆಳಗೊಳಕ್ಕೆ ಹೋಗಿ ವಾಪಸು ಬಂದರೂ ಅಷ್ಟೇ, ಬೆಟ್ಟ ಹತ್ತದಿದ್ದರೆ. ನಮ್ಮ ಅಜ್ಜಂದಿರು ಸಂತೆಗೆ, ಜಾತ್ರೆಗೆ, ದನ ಕೊಳ್ಳುವುದಕ್ಕೆ ಎಂದು ನಡೆಯುತ್ತಿದ್ದ ದೂರ. ಅವರಿಗೆ ಮೆಡಲ್ ಇರಲಿಲ್ಲ ಅಷ್ಟೇ.

ದುಡ್ಡು ಕಟ್ಟಿ ಓಡುವ ಪದ್ಧತಿ ನಮ್ಮ ಕಡೆಗೆ ಬಂದದ್ದು ಬೆಂಗಳೂರಿನಿಂದ. 2008ರಲ್ಲಿ ಅಲ್ಲಿ ವರ್ಲ್ಡ್ 10ಕೆ ಶುರುವಾಯಿತು. ಓಡಲಾಗದವರಿಗೂ ಇರಲಿ ಎಂದು ಅದರಲ್ಲೇ ‘ಮಜ್ಜಾ ರನ್’ ಬಂತು. ಶ್ರೀರಂಗಪಟ್ಟಣದ ಕಾಲುವೆ ಏರಿಯ ಮೇಲೆ ಕಾವೇರಿ ಟ್ರಯಲ್ ಮ್ಯಾರಥಾನ್ ನಡೆಯತೊಡಗಿತು. ಆಮೇಲೆ ಮೈಸೂರು, ಆಮೇಲೆ ಜಿಲ್ಲಾ ಕೇಂದ್ರಗಳು. ಜೊತೆಗೆ ಬಿಬ್, ಟೈಮಿಂಗ್ ಚಿಪ್, ಪೇಸರ್, ಫಿನಿಶರ್ ಮೆಡಲ್ ಎಂಬ ಹೊಸ ಪದಗಳೂ ಬಂದವು. ನಾನು ಇದನ್ನು ಹೀಗಳೆಯುವವನಲ್ಲ. ಐವತ್ತು ದಾಟಿದ ಬ್ಯಾಂಕ್ ನೌಕರರು, ಮೇಷ್ಟ್ರುಗಳು, ಇಬ್ಬರು ಮಕ್ಕಳ ತಾಯಂದಿರು ಎದೆ ಮೇಲೆ ನಂಬರು ಚುಚ್ಚಿಕೊಂಡು ನಿಂತಾಗ ಮುಖದಲ್ಲಿ ಕಾಣುವ ಹುರುಪು ಮದುವೆ ಮನೆಯಲ್ಲೂ ಕಾಣುವುದಿಲ್ಲ.

ಆದರೆ ನಮ್ಮ ಜಿಲ್ಲೆ, ತಾಲ್ಲೂಕುಗಳಿಗೆ ಬರುವ ಹೊತ್ತಿಗೆ ‘ಮ್ಯಾರಥಾನ್’ ಎಂಬ ಪದಕ್ಕೆ ಬೇರೆಯೇ ಅರ್ಥ ಹುಟ್ಟಿಕೊಂಡಿದೆ. ಏಡ್ಸ್ ಜಾಗೃತಿ ಮ್ಯಾರಥಾನ್, ಮತದಾನ ಜಾಗೃತಿ ಮ್ಯಾರಥಾನ್, ಮಾದಕ ವಸ್ತು ವಿರೋಧಿ ಮ್ಯಾರಥಾನ್. ದೂರ ಕೇಳಿದರೆ ಮೂರು ಕಿಲೋಮೀಟರು. ಆರಕ್ಕೆ ಹೊರಡಬೇಕಾದ ಓಟ ಏಳೂಕಾಲಾದರೂ ಹೊರಡುವುದಿಲ್ಲ, ಬಾವುಟ ಬೀಸುವವರು ಇನ್ನೂ ಬಂದಿರುವುದಿಲ್ಲ. ಅಲ್ಲಿಯವರೆಗೆ ವೇದಿಕೆಯ ಮೇಲೆ ಜುಂಬಾ. ಮಕ್ಕಳಿಗೆಲ್ಲ ಒಂದೇ ಅಳತೆಯ ಟೀ ಶರ್ಟು, ಹತ್ತು ವರ್ಷದ ಹುಡುಗಿಗೆ ಅದು ಲಂಗದಷ್ಟು ಉದ್ದ. ಬಾವುಟ ಬೀಸಿದವರು ಐವತ್ತು ಹೆಜ್ಜೆ ಓಡಿ, ಫೋಟೊ ಆದ ಮೇಲೆ ಕಾರು ಹತ್ತುತ್ತಾರೆ. ಮರುದಿನ ಪತ್ರಿಕೆಯಲ್ಲಿ ಫೋಟೊ ಅವರದ್ದೇ, ಗೆದ್ದವರ ಹೆಸರು ಕೊನೇ ಸಾಲಿನಲ್ಲಿ. (ಪತ್ರಿಕೆಯವರಾದ ನಮ್ಮ ಪಾಲೂ ಇದರಲ್ಲಿದೆ, ಒಪ್ಪುತ್ತೇನೆ.)

ಒಂದು ಊರಿನ ಓಟದಲ್ಲಿ ನನಗೆ ಹದಿನಾರನೇ ಕಿಲೋಮೀಟರಿಗೆ ನೀರೇ ಸಿಗಲಿಲ್ಲ. ಊರಿನ ಹೆಸರು ಬೇಡ. ಮೇಜಿತ್ತು, ಮೇಜಿನ ಹಿಂದೆ ಪ್ರಾಯೋಜಕರ ಬ್ಯಾನರ್ ಇತ್ತು, ಖಾಲಿ ಕ್ಯಾನು ಬೋರಲು ಬಿದ್ದಿತ್ತು. ಎದುರು ಮನೆಯ ಅಜ್ಜಿ ಜಗಲಿಯಿಂದಲೇ, ‘ಯಾಕಪ್ಪಾ, ಬಸ್ಸು ತಪ್ಪೋಯ್ತಾ?’ ಎಂದು ಕೇಳಿ ಚೊಂಬಿನ ತುಂಬ ಮಜ್ಜಿಗೆ ತಂದುಕೊಟ್ಟರು. ಉಪ್ಪು ಸ್ವಲ್ಪ ಹೆಚ್ಚೇ ಇತ್ತು. ಆ ಹೊತ್ತಿಗೆ ಬೇಕಾಗಿದ್ದದ್ದೂ ಅದೇ.

ಈಗ ಹಾಸನದ ಹೃದಯದ ವಿಷಯಕ್ಕೆ ಬರುತ್ತೇನೆ. 2025ರ ಜೂನ್, ಜುಲೈಯಲ್ಲಿ ನಮ್ಮ ಜಿಲ್ಲೆಯ ಹೆಸರು ದೇಶದ ಟೀವಿಗಳಲ್ಲೆಲ್ಲ ಓಡಾಡಿತು. ವಯಸ್ಸಲ್ಲದ ವಯಸ್ಸಿನವರು ಹೃದಯಾಘಾತದಿಂದ ಹೋದರು ಎಂಬ ಸುದ್ದಿ ದಿನಾ ಒಂದು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಕು ಹರಿಯುವ ಮುಂಚೆಯೇ ಇಸಿಜಿಗೆ ಸಾಲು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. 24 ಸಾವುಗಳನ್ನು ಪರಿಶೀಲಿಸಿದ ಸಮಿತಿ, ಹಾಸನದಲ್ಲಿ ಅಸಹಜ ಏರಿಕೆ ಏನೂ ಇಲ್ಲ ಎಂದಿತು. ಕಾರಣಗಳು ಹಳೆಯವೇ: ಸಕ್ಕರೆ ಕಾಯಿಲೆ, ಬಿಪಿ, ಬೀಡಿ ಸಿಗರೇಟು, ಕುಡಿತ. ಸತ್ತವರಲ್ಲಿ ದಿನವಿಡೀ ಸೀಟಿನಲ್ಲಿ ಕೂರುವ ಆಟೋ, ಕ್ಯಾಬ್ ಚಾಲಕರು ಎದ್ದು ಕಾಣುವಷ್ಟಿದ್ದರು.

ವರದಿ ಬಂತು, ಭಯ ಮಾತ್ರ ಹೋಗಲಿಲ್ಲ. ಪುನೀತ್ ರಾಜ್‌ಕುಮಾರ್ 2021ರಲ್ಲಿ 46ಕ್ಕೇ ಹೋದಾಗಿನಿಂದಲೇ ಮನೆಮನೆಯಲ್ಲಿ ಒಂದು ಮಾತಿತ್ತು, ‘ಅಷ್ಟು ಗಟ್ಟಿಮುಟ್ಟಾಗಿದ್ದ ಅಪ್ಪುಗೇ ಹಾಗಾಯ್ತು, ಇನ್ನು ನಿಂದೇನು, ಸುಮ್ನಿರು’ ಅಂತ. ಆ ಮಳೆಗಾಲದ ಮೇಲೆ ಅದು ಕಾನೂನೇ ಆಗಿಹೋಯಿತು. ಹಾಸನದ ಮಹಾರಾಜ ಪಾರ್ಕಿನಲ್ಲಿ ನಿತ್ಯ ಕಾಣುತ್ತಿದ್ದ ಒಬ್ಬರು ಓಟ ಬಿಟ್ಟು, ಬೆಂಚಿನ ಮೇಲೆ ಕೂತು ನಮಗೆ ಬುದ್ಧಿ ಹೇಳತೊಡಗಿದರು.

ಅಂಕಿ ಅಂಶ ಬೇರೆ ಹೇಳುತ್ತದೆ. ಅಮೆರಿಕದಲ್ಲಿ 2000ದಿಂದ 2010ರವರೆಗೆ ಮ್ಯಾರಥಾನ್, ಹಾಫ್ ಮ್ಯಾರಥಾನ್ ಓಡಿದ ಒಂದು ಕೋಟಿ ಒಂಬತ್ತು ಲಕ್ಷ ಜನರ ಲೆಕ್ಕ ತೆಗೆದರು. ಓಟದ ವೇಳೆ ಹೃದಯ ಸ್ತಂಭನ ಆದದ್ದು 59 ಮಂದಿಗೆ. ಹಾಫ್ ಮ್ಯಾರಥಾನ್‌ನಲ್ಲಿ ಅದು ಪೂರ್ತಿ ಮ್ಯಾರಥಾನ್‌ನ ಕಾಲು ಭಾಗದಷ್ಟು. ಬದುಕಿ ಉಳಿದವರು ಉಳಿದದ್ದು ಬಹುಮಟ್ಟಿಗೆ ಪಕ್ಕದಲ್ಲಿದ್ದವರು ತಕ್ಷಣ ಎದೆ ಒತ್ತಿದ್ದರಿಂದ. ಹಾಗೆಂದು ಎದ್ದವರೆಲ್ಲ ನಾಳೆಯೇ ಓಡಿ ಎನ್ನುತ್ತಿಲ್ಲ. ನಲವತ್ತು ದಾಟಿದವರು, ಸಕ್ಕರೆ, ಬಿಪಿ ಇರುವವರು, ಮನೆಯಲ್ಲಿ ಯಾರಿಗಾದರೂ ಎಳವೆಯಲ್ಲೇ ಹೃದಯದ ತೊಂದರೆ ಆಗಿದ್ದವರು ಮೊದಲು ಡಾಕ್ಟರಿಗೆ ತೋರಿಸಿ. ಆಮೇಲೆ ಮೂರು ತಿಂಗಳು ನಿಧಾನವಾಗಿ ದೂರ ಏರಿಸಿ. ಹಾಫ್ ಮ್ಯಾರಥಾನ್‌ನಲ್ಲಿ ಹೃದಯಕ್ಕೆ ಲಾಭ ಆಗುವುದೇ ಆ ಮೂರು ತಿಂಗಳಲ್ಲಿ. ಅಭ್ಯಾಸ ಇಲ್ಲದೆ ಗೆಳೆಯರ ಜಿದ್ದಿಗೆ ಬಿದ್ದು ಹೆಸರು ಕೊಟ್ಟು, ಕೊನೆಯ ಕಿಲೋಮೀಟರಿನಲ್ಲಿ ಕ್ಯಾಮೆರಾ ಕಂಡು ಕಿತ್ತುಕೊಂಡು ಓಡುವುದು ಬೇರೆ ಮಾತು.

ಆದರೆ ಆ ಮೂರು ತಿಂಗಳು ಓಡುವುದೆಲ್ಲಿ? ಇಲ್ಲಿಗೆ ಬಂದಾಗ ನನಗೆ ಸಿಟ್ಟು ಬರುತ್ತದೆ. ಓಟದ ದಿನಕ್ಕೆ ರಸ್ತೆ ಬಂದ್ ಮಾಡಿಸುವ ಉತ್ಸಾಹ ಇದೆ, ಉಳಿದ 364 ದಿನಕ್ಕೆ ಒಂದು ಗಜ ಜಾಗ ಇಲ್ಲ. ಹಾಸನದಲ್ಲಿ ಪಾರ್ಕು ಇದೆ, ಜಿಲ್ಲಾ ಕ್ರೀಡಾಂಗಣ ಇದೆ ಎನ್ನಬಹುದು. ತಾಲ್ಲೂಕಿಗೆ ಬನ್ನಿ. ಮೈದಾನದ ಗೇಟಿಗೆ ಬೀಗ, ಬೀಗದ ಕೈ ಇರುವವರ ಮನೆ ಇನ್ನೆಲ್ಲೋ. ಒಳಗೆ ಹೋದರೆ ಹಿಂದಿನ ವಾರದ ಸಮಾರಂಭದ ಶಾಮಿಯಾನದ ಗುಂಡಿಗಳು. ಹಾಗಾಗಿ ಹುಡುಗರು ಹೆದ್ದಾರಿಗೆ ಬರುತ್ತಾರೆ. ಬಿಳಿ ಪಟ್ಟಿಯ ಆಚೆ ಓಡೋಣ ಎಂದರೆ ಅಲ್ಲಿ ಜಲ್ಲಿ, ಮುಳ್ಳು, ನಿಂತ ಟ್ರಾಕ್ಟರು. ಹಾಸನ–ಹೊಳೆನರಸೀಪುರ ರಸ್ತೆಯ ಮೊಸಳೆಹೊಸಹಳ್ಳಿಯಲ್ಲಿ 2025ರ ಸೆಪ್ಟೆಂಬರ್ 12ರ ರಾತ್ರಿ ಗಣಪತಿ ಮೆರವಣಿಗೆಯ ಮೇಲೆ ಲಾರಿ ನುಗ್ಗಿ ಎಷ್ಟು ಮನೆಗಳ ಮಕ್ಕಳು ಹೋದರು ಎಂಬುದು ಈ ಭಾಗದವರು ಮರೆಯುವ ಮಾತಲ್ಲ. ಅಷ್ಟು ಜನ, ಅಷ್ಟು ಬೆಳಕು ಇದ್ದಾಗಲೇ ಹಾಗಾಯಿತು. ಮಂಜಿನಲ್ಲಿ, ಕಪ್ಪು ಬನಿಯನ್ ಹಾಕಿ ಓಡುವ ಹುಡುಗ ಡ್ರೈವರಿನ ಕಣ್ಣಿಗೆ ಬೀಳುವುದು ಹೇಗೆ?

ಹುಡುಗಿಯರ ಕಷ್ಟ ಇನ್ನೂ ಒಂದು ಕೈ ಮೇಲೆ. ಅರಕಲಗೂಡಿನ ಕಡೆ ಹೊಗೆಸೊಪ್ಪಿನ ಬ್ಯಾರನ್‌ಗಳು ಹೊತ್ತಿಕೊಂಡಿದ್ದ ತಿಂಗಳಲ್ಲಿ ಒಂದು ಬೆಳಿಗ್ಗೆ, ರಸ್ತೆಯುದ್ದಕ್ಕೂ ಬೆಂದ ಎಲೆಯ ವಾಸನೆಯ ನಡುವೆ ಇಬ್ಬರು ಹುಡುಗಿಯರು ಓಡುತ್ತಿದ್ದರು. ಹಿಂದೆ ಮೊಪೆಡ್‌ನಲ್ಲಿ ಅವರ ಅಪ್ಪ, ಹೆಡ್‌ಲೈಟ್ ಹಾಕಿಕೊಂಡು ಓಟದ ವೇಗಕ್ಕೇ ಬರುತ್ತಿದ್ದರು. ದಿನಾ ಬರುತ್ತೀರಾ ಎಂದು ಕೇಳಿದೆ. ‘ಇನ್ನೇನು ಮಾಡೋದು ಸಾರ್, ಹೊಲದ ಕೆಲಸ ಆಮೇಲೆ’ ಅಂದರು. ಎರಡು ನಿಮಿಷದ ಓಟಕ್ಕೆ ಒಂದು ಮನೆಯೇ ಎದ್ದಿತ್ತು.

ನಮ್ಮ ಊರುಗಳಲ್ಲಿ ಓಟ ನಡೆಸುವ ಸಂಘಗಳಿಗೆ, ಕ್ಲಬ್ಬುಗಳಿಗೆ, ಇಲಾಖೆಗಳಿಗೆ ಕೇಳುವುದು ಇಷ್ಟೇ. ಮುಂದಿನ ಸಲ ಬ್ಯಾನರ್ ಅಚ್ಚು ಹಾಕಿಸುವ ಮುಂಚೆ ತಾಲ್ಲೂಕು ಮೈದಾನದ ಬೀಗ ಬೆಳಿಗ್ಗೆ ಐದಕ್ಕೆ ತೆಗೆಯುವಂತೆ ಮಾಡಿಸಿ, ಎರಡು ದೀಪ ಹಾಕಿಸಿ. ಜುಂಬಾದ ದುಡ್ಡಿನಲ್ಲಿ ಸ್ವಯಂಸೇವಕರಿಗೆ ಎದೆ ಒತ್ತುವುದು ಕಲಿಸಿ, ಇನ್ನೊಂದು ಆಂಬುಲೆನ್ಸ್ ನಿಲ್ಲಿಸಿ. ಹೊರಡುವ ಸಮಯ ಆರು ಎಂದರೆ ಆರಕ್ಕೇ ಹೊರಡಿ, ಬಾವುಟ ಯಾರ ಕೈಯಲ್ಲಿದ್ದರೂ ಸರಿ. ಇನ್ನು ಅರ್ಜಿ ನಮೂನೆಯ ಕೆಳಗೆ ಒಂದು ಸಾಲು ಸೇರಿಸಿ: ಪೊಲೀಸ್, ಸೇನೆ ನೇಮಕಾತಿಯ ಹಾಲ್ ಟಿಕೆಟ್ ತೋರಿಸಿದವರಿಗೆ ಪ್ರವೇಶ ಉಚಿತ.